ಗೊತ್ತಿರುವ ವಚನವನ್ನು ಮತ್ತೆ ಕೇಳಿಸಿಕೊಳ್ಳುವುದು ಹೇಗೆ? ಸತ್ಯವೇದದ ಓದಿಗೊಂದು ಸಮಗ್ರ ಮಾರ್ಗದರ್ಶಿ

ಹೊಸ ವರ್ಷದ ಹಿಂದಿನ ರಾತ್ರಿ ಆರಾಧನೆ ಮುಗಿಸಿ ಹೊರಬರುವಾಗ ನಮ್ಮ ಸಭೆಯಲ್ಲಿ ವಾಗ್ದಾನ ವಚನದ ಚೀಟಿ ಕೊಡುತ್ತಾರೆ. ಒಂದು ವರ್ಷ ನನ್ನ ಕೈಗೆ ಬಂದದ್ದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆ ಒಳ್ಳೆಯದೇ, ನಿಮಗೆ ನಿರೀಕ್ಷೆ ಕೊಡುವಂಥದ್ದೇ ಎಂದು ದೇವರು ಹೇಳುವ ವಚನ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹಾಲು ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ಆ ವರ್ಷ ಕೈಹಾಕಿದ ಕೆಲಸ ಬೇಗ ಕೂಡಿಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಸಿಟ್ಟಿನಲ್ಲೇ ಸತ್ಯವೇದ ತೆಗೆದು ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಚೀಟಿಯಲ್ಲಿದ್ದ ವಚನಕ್ಕಿಂತ ಒಂದೇ ವಚನ ಮೇಲೆ ಎಪ್ಪತ್ತು ವರ್ಷ ಎಂದಿತ್ತು.

ಅದು ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬಾಬೆಲಿಗೆ, ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಅದರಲ್ಲಿ ಬರೆದಿದೆ. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಜನರೆದುರು ನಿಂತು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ್ದ. ಅವನ ಮಾತು ಸುಳ್ಳು ಎನ್ನುತ್ತಾನೆ ಯೆರೆಮೀಯ. ಅಂದರೆ ‘ಒಳ್ಳೆಯದಾಗುತ್ತದೆ’ ಎಂಬ ಆ ವಾಗ್ದಾನ ಬಂದದ್ದೇ ‘ಬೇಗ ಆಗುತ್ತದೆ’ ಎನ್ನುವವರ ಬಾಯಿ ಮುಚ್ಚಿಸುತ್ತಾ. ಪತ್ರ ಓದಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರಿಗೆ ಮರಳುವ ದಿನ ನೋಡುವಂತಿರಲಿಲ್ಲ. ನಾನು ಒಂಬತ್ತು ತಿಂಗಳು ಹನನ್ಯನ ಪ್ರವಾದನೆಯನ್ನು ಯೆರೆಮೀಯನ ಮಾತಿನಲ್ಲಿ ಓದಿಕೊಂಡಿದ್ದೆ.

ಚೀಟಿ ಕಿತ್ತುಹಾಕಲಿಲ್ಲ. ಅದರ ಮೇಲಂಚಿನಲ್ಲಿ ಪೆನ್ನಿನಿಂದ ‘ವಚನ 10 ಸಹ’ ಎಂದು ಬರೆದೆ.

ಆತ್ಮಿಕವಾಗಿ ತೆರೆದುಕೊಂಡು ಓದಬೇಕು ಎಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಕಣ್ಣೀರು, ಮೆಲುದನಿಯ ಕೀಬೋರ್ಡ್, ಎದೆ ತುಂಬಿ ಬರುವ ಒಂದು ಗಳಿಗೆ. ಅದೆಲ್ಲ ಬಂದರೆ ಸಂತೋಷ. ನಾನು ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಸಪ್ಪೆಯಾದ ಸಂಗತಿ: ನಾನು ಮನೆಯಿಂದ ಕಟ್ಟಿಕೊಂಡು ಬರದೇ ಇದ್ದ ಮಾತನ್ನು ವಾಕ್ಯವು ಹೇಳಿದಾಗ, ಅದು ನನಗೆ ವಿರುದ್ಧವಾಗಿದ್ದರೂ ಕೇಳಿಸಿಕೊಳ್ಳುವುದು. ಇದು ಭಾವನೆಯಿಂದ ಬರುವುದಿಲ್ಲ, ಕೆಲವು ರೂಢಿಗಳಿಂದ ಬರುತ್ತದೆ. ಸುವಾರ್ತೆಯನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದವರಿಗೇ ಈ ರೂಢಿಗಳು ಹೆಚ್ಚು ಬೇಕು. ಬಾಯಿಪಾಠವಾದ ವಚನ ಎಷ್ಟೋ ಸಲ ಕಿವಿಯನ್ನೇ ಮುಚ್ಚಿಬಿಟ್ಟಿರುತ್ತದೆ.

ಪುಸ್ತಕ, ಜಾಗ, ಹೊತ್ತು

ಮೊದಲು ಪುಸ್ತಕದ ಮಾತು. ನಮ್ಮಲ್ಲಿ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಹೆಚ್ಚಾಗಿ ಇರುವುದು ‘ಯೆಹೋವ’ ಎನ್ನುವ ಹಳೆಯ ಸತ್ಯವೇದ, ಕಥೋಲಿಕರ ಮನೆಗಳಲ್ಲಿ ‘ಸರ್ವೇಶ್ವರ’ ಎನ್ನುವ, ಸುವಾರ್ತೆಗೆ ‘ಶುಭಸಂದೇಶ’ ಎನ್ನುವ ಪವಿತ್ರ ಬೈಬಲ್. ಒಂದರಲ್ಲಿ 66 ಪುಸ್ತಕ, ಇನ್ನೊಂದರಲ್ಲಿ 73. ಯಾವುದಾದರೂ ಆದೀತು. ಆದರೆ ಸಾಧ್ಯವಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಹಳೆಯದರಲ್ಲಿ ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂದು ಓದಿ ಓದಿ ಸವೆದುಹೋದ ನಾಲಿಗೆ, ಇನ್ನೊಂದು ಅನುವಾದಕ್ಕೆ ಬಂದಾಗ ಎಡವುತ್ತದೆ. ಆ ಎಡವುವಿಕೆ ನಮಗೆ ಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1831 ಆಗಿತ್ತು. ಒಂದೊಂದು ಪದಕ್ಕೂ ಯಾರೋ ಕೂತು ತಲೆ ಕೆರೆದುಕೊಂಡಿದ್ದಾರೆ ಎಂಬ ನೆನಪಿದ್ದರೆ, ಓಡಿಸಿಕೊಂಡು ಓದಲು ಸ್ವಲ್ಪ ನಾಚಿಕೆಯಾಗುತ್ತದೆ.

ಫೋನಿನಲ್ಲಿ ಓದಬಹುದೇ ಎಂದು ಕೇಳುತ್ತಾರೆ. ಓದಬಹುದು, ಆದರೆ ಫ್ಲೈಟ್ ಮೋಡಿಗೆ ಹಾಕಿ. ಬೆಳಿಗ್ಗೆಯೇ ಆಗಬೇಕೆಂದಿಲ್ಲ. ಮಕ್ಕಳ ಟಿಫನ್ ಡಬ್ಬಿ ಕಟ್ಟುವವರಿಗೆ, ಶಿಫ್ಟ್ ಕೆಲಸದವರಿಗೆ ‘ಮುಂಜಾನೆ ಐದಕ್ಕೆ ಏಳಿ’ ಎಂಬ ಉಪದೇಶ ಅಪರಾಧಭಾವ ಹುಟ್ಟಿಸುವುದಕ್ಕೆ ಮಾತ್ರ ಸಾಕು. ಅರ್ಧ ಗಂಟೆ, ಪ್ರತಿದಿನ ಅದೇ ಹೊತ್ತು, ಅದೇ ಕುರ್ಚಿ. ಅಷ್ಟೇ.

ಎಲ್ಲಿಂದ ಓದಬೇಕು

ಕಣ್ಣುಮುಚ್ಚಿ ಪುಸ್ತಕ ತೆರೆದು ಬೆರಳಿಟ್ಟ ಕಡೆ ಓದುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಇದನ್ನು ಸಮರ್ಥಿಸುವವರು ಸಂತ ಅಗಸ್ಟೀನನ ಹೆಸರು ಹೇಳುತ್ತಾರೆ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ‘ತೆಗೆದು ಓದು’ ಎಂಬ ಮಗುವಿನ ದನಿ ಕೇಳಿ, ಪೌಲನ ಪತ್ರಿಕೆ ತೆರೆದು, ರೋಮಾಪುರದವರಿಗೆ 13ನೇ ಅಧ್ಯಾಯದ ಮಾತು ಕಣ್ಣಿಗೆ ಬಿದ್ದು ಅವನ ಬದುಕೇ ತಿರುಗಿತು. ನಿಜ. ಆದರೆ ಆ ಪುಸ್ತಕವನ್ನು ಅವನು ಅದಕ್ಕೆ ಮುಂಚೆಯೇ ಬಹಳ ಓದಿದ್ದ, ಅದರೊಂದಿಗೆ ಜಗಳವಾಡಿದ್ದ. ಆ ಭಾಗ ಬಿಟ್ಟು ಬೆರಳಿಡುವುದನ್ನು ಮಾತ್ರ ನಾವು ಹಿಡಿದುಕೊಂಡಿದ್ದೇವೆ.

ಒಂದು ಪುಸ್ತಕವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ, ದಿನಕ್ಕೆ ಸ್ವಲ್ಪವೇ ಓದಿ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ಬರೆದ ನಿಯಮದಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿಯೊಬ್ಬನೂ ಒಂದು ಪುಸ್ತಕ ಪಡೆದು ಅದನ್ನು ಆರಂಭದಿಂದ ಕ್ರಮವಾಗಿ ಓದಬೇಕು ಎಂದಿದೆ. ಹಾರಿಸಿ ಹಾರಿಸಿ ಓದುವ ಚಟ ಸನ್ಯಾಸಿಗಳಿಗೂ ಇತ್ತು ಎಂದಾಯಿತಲ್ಲ!

ಹೊಸಬರು ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು. ಮೊದಲು ಒಂದು ಭಾನುವಾರ ಮಧ್ಯಾಹ್ನ ಇಡೀ ಪುಸ್ತಕವನ್ನು ಕತೆ ಓದುವ ಹಾಗೆ ಒಂದೇ ಪಟ್ಟಿನಲ್ಲಿ ಓದಿಬಿಡಿ. ಎರಡು ಗಂಟೆ ಸಾಕು. ಆಮೇಲೆ ದಿನಕ್ಕೆ ಒಂದು ಪ್ರಸಂಗ, ಏಳೆಂಟರಿಂದ ಹದಿನೈದು ವಚನ. ಅಧ್ಯಾಯದ ಗೆರೆಯನ್ನು ನಂಬಬೇಡಿ. ಅಧ್ಯಾಯಗಳು ಬಂದದ್ದು 13ನೇ ಶತಮಾನದಲ್ಲಿ, ಸ್ಟೀಫನ್ ಲ್ಯಾಂಗ್ಟನ್ ಎಂಬವರಿಂದ. ಹೊಸ ಒಡಂಬಡಿಕೆಗೆ ಈಗಿರುವ ವಚನಸಂಖ್ಯೆ ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ. ಮಾರ್ಕನಿಗೆ ಈ ಸಂಖ್ಯೆಗಳ ಗೊಡವೆ ಇರಲಿಲ್ಲ. ನನ್ನ ಚೀಟಿಯ ಗೋಳೂ ಶುರುವಾದದ್ದು ಅಲ್ಲಿಂದಲೇ: ಸಂಖ್ಯೆ ಇದ್ದದ್ದರಿಂದ 11ನ್ನು 10ರಿಂದ ಕತ್ತರಿಸಲು ಸುಲಭವಾಯಿತು.

ಮುಂದಿನ ಹಂತಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಮಾರ್ಕ 10:46-52, ಕುರುಡ ಬಾರ್ತಿಮಾಯನ ಪ್ರಸಂಗ. ಈಗಲೇ ಎದ್ದುಹೋಗಿ ಸತ್ಯವೇದ ತನ್ನಿ. ಭಾನುವಾರ ಶಾಲೆಯಲ್ಲಿ ನೂರು ಸಲ ಕೇಳಿದ ಕತೆ ಎನ್ನುವಿರಿ. ಅದಕ್ಕೇ ಇದನ್ನು ಆರಿಸಿದ್ದು.

ಕೂತುಕೊಳ್ಳುವುದು

ಪುಟ ತೆರೆಯುವ ಮೊದಲು ಎರಡು ನಿಮಿಷ ಸುಮ್ಮನಿರಿ. ಪ್ರಾರ್ಥನೆ ಉದ್ದ ಬೇಡ. ಬಾಲಕ ಸಮುವೇಲನಿಗೆ ವೃದ್ಧ ಏಲಿ ಹೇಳಿಕೊಟ್ಟದ್ದು ಒಂದೇ ಸಾಲು: ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಿದ್ದಾನೆ. ಆ ಸಾಲು ಹೇಳಿದ ಸಮುವೇಲನಿಗೆ ಸಿಕ್ಕಿದ್ದು ಸಮಾಧಾನದ ಮಾತಲ್ಲ, ಏಲಿಯ ಮನೆತನದ ಮೇಲಿನ ತೀರ್ಪು. ಬೆಳಿಗ್ಗೆ ಅದನ್ನು ಹೇಳಲು ಹುಡುಗ ಹೆದರಿದ. ‘ಅಪ್ಪಣೆಯಾಗಲಿ’ ಎನ್ನುವ ಮುಂಚೆ ಇದು ನೆನಪಿರಲಿ.

ಇನ್ನೊಂದು ಸಣ್ಣ ಕೆಲಸ: ಇವತ್ತು ನನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ಒಂದು ಸಾಲು ಬರೆದಿಡಿ. ಕಟ್ಟಬೇಕಾದ ಕಂತು, ಮಾತು ಬಿಟ್ಟಿರುವ ತಮ್ಮ, ನಾಳೆಯ ರಿಪೋರ್ಟು. ಇದನ್ನು ಬರೆದಿಟ್ಟರೆ, ಆಮೇಲೆ ವಾಕ್ಯದಲ್ಲಿ ‘ಕೇಳಿಸಿದ್ದು’ ವಾಕ್ಯದ ಮಾತೋ ಇದೇ ಚಿಂತೆಯ ಪ್ರತಿಧ್ವನಿಯೋ ಎಂದು ನೋಡಲು ಆಧಾರ ಸಿಗುತ್ತದೆ.

ಬಾಯಿ ಬಿಟ್ಟು ಓದಿ

ಕೀರ್ತನೆ 1ರಲ್ಲಿ ಹಗಲಿರುಳು ಧ್ಯಾನಿಸುವವನು ಧನ್ಯನು ಎಂದಿದೆ. ಧ್ಯಾನ ಎಂದರೆ ನಮಗೆ ಕಣ್ಣುಮುಚ್ಚಿ ಪದ್ಮಾಸನ ಹಾಕಿದ ಚಿತ್ರ ಬರುತ್ತದೆ. ಅಲ್ಲಿರುವ ಇಬ್ರಿಯ ಮಾತು ‘ಹಾಗಾ’. ಯೆಶಾಯ 31ರಲ್ಲಿ ಸಿಂಹ ತನ್ನ ಬೇಟೆಯ ಮೇಲೆ ಕೂತು ಗುರುಗುಟ್ಟುವುದಕ್ಕೆ ಅದೇ ಮಾತು, 38ರಲ್ಲಿ ಪಾರಿವಾಳದ ನರಳಿಕೆಗೂ ಅದೇ ಮಾತು. ಅಂದರೆ ಗಂಟಲಿನಿಂದ ಹೊರಡುವ ಶಬ್ದ, ಗುನುಗು. ಯೆಹೋಶುವ 1:8ರಲ್ಲಿ ಧರ್ಮಶಾಸ್ತ್ರ ನಿನ್ನ ಬಾಯಿಂದ ಅಗಲದಿರಲಿ ಎಂದದ್ದೂ ಅದಕ್ಕೇ. ಹಳಬರು ಓದುತ್ತಿದ್ದದ್ದೇ ಹಾಗೆ. ಬಿಷಪ್ ಆ್ಯಂಬ್ರೋಸ್ ತುಟಿ ಅಲ್ಲಾಡಿಸದೆ ಓದುತ್ತಿದ್ದರು ಎಂಬುದನ್ನು ಅಗಸ್ಟೀನ್ ಬೆರಗಿನಿಂದ ಬರೆದಿಟ್ಟಿದ್ದಾನೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ರಥದಲ್ಲಿ ಕೂತ ಐಥಿಯೋಪ್ಯದ ಕಂಚುಕಿ ಯೆಶಾಯನನ್ನು ಓದುತ್ತಿರುವುದು ಓಡಿಬಂದ ಫಿಲಿಪ್ಪನ ಕಿವಿಗೆ ಬೀಳುತ್ತದಲ್ಲ, ಅವನೂ ಜೋರಾಗಿಯೇ ಓದುತ್ತಿದ್ದ. ಗಮಕ ಕೇಳಿ ಬೆಳೆದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಮೊದಲ ಓದು ದನಿ ತೆಗೆದು. ಮನೆಯಲ್ಲಿ ಮಲಗಿದವರಿದ್ದರೆ ಪಿಸುಮಾತಿನಲ್ಲಿ. ದನಿ ತೆಗೆದಾಗ ಕಣ್ಣು ಹಾರಿಸುವ ಪದವನ್ನು ನಾಲಿಗೆ ಹಾರಿಸಲಾರದು. ಬಾರ್ತಿಮಾಯನ ‘ದಾವೀದನ ಕುಮಾರನೇ, ನನ್ನನ್ನು ಕರುಣಿಸು’ ಎಂಬ ಮಾತನ್ನು ಮೆಲ್ಲಗೆ ಓದಲಾಗುವುದಿಲ್ಲ, ಓದಿ ನೋಡಿ. ಅದು ಕೂಗು. ಎರಡನೆಯ ಸಲ ಇನ್ನೂ ಜೋರು.

ಕಣ್ಣಿನ ತೊಂದರೆ ಇರುವವರು, ಅಕ್ಷರ ಬಾರದವರು ಫೋನಿನಲ್ಲಿ ಆಡಿಯೋ ಸತ್ಯವೇದ ಹಾಕಿಕೊಂಡು ಕೇಳಲಿ. ಸಭೆಯ ಚರಿತ್ರೆಯಲ್ಲಿ ಹೆಚ್ಚಿನ ವಿಶ್ವಾಸಿಗಳಿಗೆ ವಾಕ್ಯ ಸಿಕ್ಕಿದ್ದು ಕಿವಿಯಿಂದಲೇ.

ಎರಡನೆಯ ಓದು: ಅಲ್ಲಿ ಏನಿದೆ?

ಇಲ್ಲಿ ನಿಧಾನಿಸಿ. ‘ನನಗೆ ಇದರಲ್ಲಿ ಏನಿದೆ’ ಎಂಬ ಪ್ರಶ್ನೆಯನ್ನು ಹೊಸ್ತಿಲಾಚೆ ನಿಲ್ಲಿಸಿ, ಅಲ್ಲಿ ಏನಿದೆ ಎಂದಷ್ಟೇ ನೋಡಿ. ಪೆನ್ಸಿಲ್ ಹಿಡಿದುಕೊಳ್ಳಿ. ಕೂಟಗಳಲ್ಲಿ ನಾನು ಕಂಡಂತೆ ಜನ ಅವಸರದಿಂದ ದಾಟಿಹೋಗುವ ಹಂತ ಇದೇ, ಹೊಸತು ಸಿಗುವುದೂ ಇಲ್ಲೇ.

ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಕೂತಿದ್ದ, ಕೂಗಿದ, ಗದರಿಸಿದರು, ಇನ್ನೂ ಕೂಗಿದ, ಯೇಸು ನಿಂತನು, ಕರೆದರು, ಹೊದಿಕೆ ಬಿಸಾಡಿದ, ಹಾರಿ ಎದ್ದ, ಬಂದ. ಇಡೀ ಪಯಣ ಯೆರೂಸಲೇಮಿನ ಕಡೆಗೆ ಸಾಗಿದೆ. ಒಬ್ಬ ಭಿಕ್ಷುಕನ ಕೂಗಿಗೆ ಅದು ನಿಲ್ಲುತ್ತದೆ. ಬಾಯಿಮುಚ್ಚು ಎಂದ ಅದೇ ಜನ ಮರುಗಳಿಗೆಗೆ ‘ಧೈರ್ಯವಾಗಿರು, ಏಳು, ಕರೆಯುತ್ತಾನೆ’ ಎನ್ನುತ್ತಾರೆ. ಆ ಗುಂಪಿನಲ್ಲಿ ನಾವು ಯಾರು ಎಂದು ಕೇಳಿಕೊಳ್ಳುವುದಕ್ಕೆ ಇನ್ನೂ ಸಮಯವಿದೆ. ಈಗ ಬರೇ ನೋಡಿ.

ಸುತ್ತಮುತ್ತ ನೋಡಿ. ನಾಣ್ಯ ಎಣಿಸಿದ ಹಾಗೆ ಹಿಂದಿನ ಪ್ರಸಂಗಗಳನ್ನು ಎಣಿಸಿ. ಸ್ವಲ್ಪ ಹಿಂದೆ, 36ನೇ ವಚನದಲ್ಲಿ, ಯೇಸು ಯಾಕೋಬ ಯೋಹಾನರನ್ನು ಕೇಳುತ್ತಾನೆ: ನಾನು ನಿಮಗೆ ಏನು ಮಾಡಬೇಕು? 51ರಲ್ಲಿ ಕುರುಡನನ್ನು ಕೇಳುತ್ತಾನೆ: ನಾನು ನಿನಗೆ ಏನು ಮಾಡಬೇಕು? ಪ್ರಶ್ನೆ ಅದೇ. ಶಿಷ್ಯರು ಬೇಡಿದ್ದು ಬಲಗಡೆ ಎಡಗಡೆಯ ಪೀಠ. ಭಿಕ್ಷುಕ ಬೇಡಿದ್ದು ಕಣ್ಣು. ಇನ್ನೂ ಹಿಂದೆ ಹೋದರೆ ಬಹಳ ಆಸ್ತಿ ಇದ್ದ ಒಬ್ಬ, ಅದನ್ನು ಬಿಡಲಾರದೆ ವ್ಯಸನದಿಂದ ಹೊರಟುಹೋಗುತ್ತಾನೆ. ಇಲ್ಲಿ ಒಬ್ಬ ಇದ್ದೊಂದು ಹೊದಿಕೆಯನ್ನೂ ಎಸೆದು ಬರುತ್ತಾನೆ. ಆ ಹೊದಿಕೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ವಿಮೋಚನಕಾಂಡ 22:26-27 ತೆಗೆಯಿರಿ: ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ತಿರುಗಿ ಕೊಡು, ಅವನಿಗೆ ಹೊದ್ದು ಮಲಗಲು ಬೇರೇನಿದೆ?

ಮೊದಲ ವಚನ, ಕೊನೆಯ ವಚನ ಜೋಡಿಸಿ ನೋಡಿ. 46ರಲ್ಲಿ ಅವನು ದಾರಿಯ ಪಕ್ಕದಲ್ಲಿ ಕೂತಿದ್ದಾನೆ. 52ರಲ್ಲಿ ದಾರಿಯಲ್ಲಿ ಹಿಂಬಾಲಿಸುತ್ತಿದ್ದಾನೆ. ಯೇಸು ಹೇಳಿದ್ದು ‘ಹೋಗು’ ಎಂದು. ಅವನು ಹೋಗಲಿಲ್ಲ, ಜೊತೆಗೆ ಬಂದ. ಯೆರಿಕೋವಿನಿಂದ ಯೆರೂಸಲೇಮಿಗೆ ಸಾವಿರ ಮೀಟರಿನಷ್ಟು ಏರು, ಪಟ್ಟಣದಲ್ಲಿ ಕಾದಿರುವುದು ಶಿಲುಬೆ. ಕಣ್ಣು ಬಂದವನು ಮೊದಲ ವಾರದಲ್ಲಿ ಏನೇನು ನೋಡಬೇಕಾಯಿತೋ!

ಎಡವಿಸುವ ಜಾಗವನ್ನೂ ಗುರುತಿಸಿ. ಮತ್ತಾಯ 20ರಲ್ಲಿ ಕುರುಡರು ಇಬ್ಬರು. ಲೂಕ 18ರಲ್ಲಿ ಯೇಸು ಯೆರಿಕೋವನ್ನು ಸಮೀಪಿಸುತ್ತಿದ್ದಾನೆ, ಮಾರ್ಕನಲ್ಲಿ ಬಿಟ್ಟು ಹೊರಡುತ್ತಿದ್ದಾನೆ. ಇಂಥವನ್ನು ಕಂಡು ಹೆದರಿ ಪುಸ್ತಕ ಮುಚ್ಚುವವರಿದ್ದಾರೆ, ಗಡಿಬಿಡಿಯಲ್ಲಿ ಸಮಜಾಯಿಷಿ ಹುಡುಕುವವರೂ ಇದ್ದಾರೆ. ಎರಡೂ ಬೇಡ. ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ. ಒಳ್ಳೆಯ ವ್ಯಾಖ್ಯಾನವೊಂದನ್ನು ವಾರಾಂತ್ಯದಲ್ಲಿ ನೋಡಿ, ಅಯ್ಯನವರನ್ನೋ ಫಾದರನ್ನೋ ಕೇಳಿ. ‘ಯಾರಾದರೂ ದಾರಿ ತೋರಿಸದಿದ್ದರೆ ನನಗೆ ಹೇಗೆ ತಿಳಿದೀತು’ ಎಂದ ಆ ಕಂಚುಕಿಗೆ ಇದ್ದ ಸಂಕೋಚಹೀನತೆ ನಮಗೂ ಇರಲಿ. ಆದರೆ ವ್ಯಾಖ್ಯಾನ ಮೊದಲು ತೆಗೆಯಬೇಡಿ. ಇನ್ನೊಬ್ಬರ ಉತ್ತರ ತಲೆಗೆ ಹೊಕ್ಕರೆ ನಿಮ್ಮ ಪ್ರಶ್ನೆ ಹುಟ್ಟುವುದೇ ಇಲ್ಲ.

ಮೆಲುಕು

ಮೂರನೆಯ ಸಲ ಓದುವಾಗ ಯಾವುದೋ ಒಂದು ಪದ ಸೀರೆಯ ಅಂಚು ಮುಳ್ಳಿಗೆ ಸಿಕ್ಕಿದ ಹಾಗೆ ಎಳೆಯುತ್ತದೆ. ಅಲ್ಲೇ ನಿಲ್ಲಿ. ಮುಂದಿನ ಸಾಲು ಇವತ್ತಿಗೆ ಬೇಡ.

12ನೇ ಶತಮಾನದ ಗ್ವೀಗೋ ಎಂಬ ಕಾರ್ತೂಸಿಯನ್ ಸನ್ಯಾಸಿ ಈ ಬಗೆಯ ಓದನ್ನು ನಾಲ್ಕು ಮೆಟ್ಟಿಲ ಏಣಿಗೆ ಹೋಲಿಸಿದ: ಓದು, ಧ್ಯಾನ, ಪ್ರಾರ್ಥನೆ, ಮೌನದರ್ಶನ. ಓದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅಗಿಯುತ್ತದೆ ಎಂದ. ನಮ್ಮಲ್ಲಿ ಇದಕ್ಕೆ ಕೊಟ್ಟಿಗೆಯ ಮಾತೇ ಇದೆ, ಮೆಲುಕು ಹಾಕುವುದು. ಹಸು ಮೇಯುವಾಗ ಅವಸರದಲ್ಲಿರುತ್ತದೆ. ಮಲಗಿದ ಮೇಲೆ ಮೆಲುಕು. ಸಿಕ್ಕಿದ ಪದವನ್ನು ಬಸ್ಸಿಗೆ ಕಾಯುವಾಗ, ಪಾತ್ರೆ ತೊಳೆಯುವಾಗ ಬಾಯಲ್ಲಿ ಇಟ್ಟುಕೊಳ್ಳಿ.

ನನಗೆ ಒಂದು ಸಲ ಸಿಕ್ಕಿದ್ದು ‘ಗದರಿಸಿದರು’ ಎಂಬ ಪದ. ಬೇಡವಾಗಿತ್ತು. ಹೊದಿಕೆಯೋ, ನಂಬಿಕೆಯೋ ಸಿಕ್ಕಿದ್ದರೆ ಚೆನ್ನಾಗಿತ್ತು. ಎರಡು ದಿನದ ನಂತರ ನೆನಪಾಯಿತು, ಕೂಟದಲ್ಲಿ ಉದ್ದುದ್ದ ಪ್ರಾರ್ಥಿಸುವ ಒಬ್ಬ ಹಿರಿಯರನ್ನು ನಾನು ಎಷ್ಟು ನಾಜೂಕಾಗಿ ‘ಆಮೆನ್’ ಹೇಳಿ ನಿಲ್ಲಿಸುತ್ತಿದ್ದೆ ಎಂದು.

ಇಲ್ಲಿಯೇ ಇನ್ನೊಂದು ದಾರಿಯೂ ಇದೆ. ಯೇಸುಸಭೆ (ಜೆಸುಯಿಟ್) ಸ್ಥಾಪಿಸಿದ ಲೊಯೋಲದ ಇಗ್ನೇಷಿಯಸ್ ಕಲಿಸಿದ್ದು: ಪ್ರಸಂಗದೊಳಗೆ ಹೋಗಿ ನಿಲ್ಲುವುದು. ಧೂಳು, ಬಿಸಿಲು, ಜನರ ಬೆವರು, ತಟ್ಟೆಯ ಸದ್ದು. ನೀವು ಎಲ್ಲಿದ್ದೀರಿ, ಯಾರು ನಿಮ್ಮನ್ನು ನೋಡುತ್ತಿದ್ದಾರೆ? ಕಲ್ಪನೆ ಬಲವಾಗಿರುವವರಿಗೆ ಇದು ಒಗ್ಗುತ್ತದೆ. ನನಗೆ ಹೆಚ್ಚು ಒಗ್ಗಲಿಲ್ಲ, ಹತ್ತು ನಿಮಿಷದಲ್ಲಿ ಸಿನಿಮಾ ಶುರುವಾಗಿಬಿಡುತ್ತದೆ.

ಉತ್ತರ ಕೊಡುವುದು, ಆಮೇಲೆ ಸುಮ್ಮನಿರುವುದು

ವಾಕ್ಯ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದೇ ಪ್ರಾರ್ಥನೆ. ‘ನಾನು ನಿನಗೆ ಏನು ಮಾಡಬೇಕು?’ ಇದಕ್ಕೆ ನಿಜ ಹೇಳಿ. ಸಭೆಯಲ್ಲಿ ಹೇಳುವ ಉತ್ತರ ಬೇಡ. ಪೀಠ ಬೇಕೆಂದಿದ್ದರೆ ಪೀಠ ಎಂದೇ ಹೇಳಿ; ಯಾಕೋಬ ಯೋಹಾನರು ಹೇಳಲಿಲ್ಲವೇ, ಯೇಸು ಅವರನ್ನು ಓಡಿಸಲಿಲ್ಲ. ಕೋಪವಿದ್ದರೆ ಕೋಪ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯ ಪುಸ್ತಕದಲ್ಲಿದೆ.

ಆಮೇಲೆ ಐದು ನಿಮಿಷ ಮೌನ. ಏನೂ ಆಗದಿದ್ದರೆ ಏನೂ ಆಗಲಿಲ್ಲ.

ಕೇಳಿಸಿದ್ದನ್ನು ಒರೆಗೆ ಹಚ್ಚುವುದು

ತೆರೆದುಕೊಂಡು ಓದುವುದರ ಬಗ್ಗೆ ಮಾತನಾಡುವವರು ಇದನ್ನು ಹೆಚ್ಚಾಗಿ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಒತ್ತಿ ಹೇಳುತ್ತೇನೆ. ಬಾಗಿಲು ತೆರೆದಿಟ್ಟರೆ ಬರುವವರೆಲ್ಲ ನೆಂಟರೇ ಆಗಿರುವುದಿಲ್ಲ. ಮತ್ತಾಯ 4ರಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಹೇಳುವುದು 91ನೇ ಕೀರ್ತನೆಯ ವಚನ. ವಚನವೇನೋ ಸತ್ಯವೇದದ್ದೇ. ಯೇಸು ಉತ್ತರಿಸುವುದು ಧರ್ಮೋಪದೇಶಕಾಂಡದ ಇನ್ನೊಂದು ವಚನದಿಂದ. ವಚನವನ್ನು ವಚನದ ಪಕ್ಕದಲ್ಲಿಟ್ಟು ತೂಗುವ ಅಭ್ಯಾಸ ಅಲ್ಲಿದೆ.

ಹಾಗಾಗಿ ಕೇಳಿಕೊಳ್ಳಿ: ನನಗೆ ಹೊಳೆದದ್ದು ಹಿಂದಿನ ಮುಂದಿನ ವಚನಗಳ ಜೊತೆ ನಿಲ್ಲುತ್ತದೆಯೇ? ಸುವಾರ್ತೆಗಳಲ್ಲಿ ಕಾಣುವ ಯೇಸುವಿನ ಸ್ವಭಾವಕ್ಕೆ ಒಪ್ಪುತ್ತದೆಯೇ? ಓದುವ ಮುಂಚೆ ಬರೆದಿಟ್ಟ ಚಿಂತೆಯ ಸಾಲಿಗೆ ಇದು ತೀರಾ ಹೇಳಿ ಮಾಡಿಸಿದಂತಿದೆಯೇ? ಇದು ಯಾವಾಗಲೂ ನನ್ನ ಪರವಾಗಿ, ನನ್ನ ನಾದಿನಿಯ ವಿರುದ್ಧವಾಗಿಯೇ ತೀರ್ಪು ಕೊಡುತ್ತಿದೆಯೇ? ಪೌಲನ ಬೋಧನೆಯನ್ನೇ ಬೆರೋಯ ಪಟ್ಟಣದವರು ದಿನದಿನವೂ ಶಾಸ್ತ್ರಗ್ರಂಥದೊಂದಿಗೆ ತಾಳೆ ನೋಡಿದರು, ಅದಕ್ಕಾಗಿ ಅವರನ್ನು ಹೊಗಳಲಾಗಿದೆ. ನಮ್ಮ ಬೆಳಗಿನ ಹೊಳಹು ಅಪೊಸ್ತಲನ ಮಾತಿಗಿಂತ ದೊಡ್ಡದೇ?

ದೊಡ್ಡ ತೀರ್ಮಾನವಾದರೆ, ಕೆಲಸ ಬಿಡುವುದು, ಮದುವೆ, ದುಡ್ಡು ಹಾಕುವುದು, ಪ್ರೌಢರಾದ ಒಬ್ಬಿಬ್ಬರೊಡನೆ ಮಾತಾಡದೆ ‘ವಾಕ್ಯ ಸಿಕ್ಕಿತು’ ಎಂದು ಹೊರಡಬೇಡಿ. ವಚನ ಸಿಕ್ಕಿತೆಂದು ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಹೊಡೆಯುವ ಗಂಡನ ಮನೆಯಲ್ಲೇ ಇರಬೇಕೆಂದು ಅಧೀನತೆಯ ವಚನ ತೋರಿಸಿದರೆ, ತೋರಿಸಿದವರು ಅದೇ ಎಫೆಸದವರಿಗೆ 5ನೇ ಅಧ್ಯಾಯದ 25ನೇ ವಚನವನ್ನೂ 28ನ್ನೂ ಓದಲಿ: ಗಂಡಂದಿರು ಹೆಂಡತಿಯರನ್ನು ತಮ್ಮ ಸ್ವಂತ ಶರೀರದಂತೆ ಪ್ರೀತಿಸಬೇಕು ಎಂದಿದೆ ಅಲ್ಲಿ. ಆ ಹೆಂಗಸು ಮೊದಲು ಸುರಕ್ಷಿತವಾದ ಕಡೆ ಹೋಗಲಿ.

ಬರೆದಿಡಿ, ಒಂದು ಕೆಲಸ ಮಾಡಿ

ನೋಟ್‌ಬುಕ್ಕಿನಲ್ಲಿ ತಾರೀಖು, ಪ್ರಸಂಗ, ಸಿಕ್ಕಿದ ಪದ, ಒಂದು ಸಾಲು. ಜೊತೆಗೆ ಇವತ್ತು ಸಂಜೆಯೊಳಗೆ ಮಾಡಬಹುದಾದ ಒಂದು ಸಣ್ಣ ಕೆಲಸ. ‘ಇನ್ನು ಮೇಲೆ ತಾಳ್ಮೆಯಿಂದಿರುತ್ತೇನೆ’ ಎಂಬುದು ಕೆಲಸವಲ್ಲ. ‘ಇಂಥವರಿಗೆ ಇವತ್ತು ಫೋನ್ ಮಾಡುತ್ತೇನೆ’ ಎಂಬುದು ಕೆಲಸ.

ಕಷ್ಟದ ಭಾಗಗಳು, ಒಣ ದಿನಗಳು

137ನೇ ಕೀರ್ತನೆಯ ಕೊನೆಯ ವಚನದಲ್ಲಿ ಶತ್ರುಗಳ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತಿದೆ. 1 ಸಮುವೇಲ 15ರಲ್ಲಿ ಅಮಾಲೇಕ್ಯರನ್ನು ಮಕ್ಕಳುಮರಿಗಳ ಸಮೇತ ಕೊಲ್ಲುವ ಆಜ್ಞೆ ಇದೆ. ತೆರೆದ ಮನಸ್ಸು ಎಂದರೆ ಇದನ್ನೆಲ್ಲ ಕಣ್ಣುಮುಚ್ಚಿ ನುಂಗಬೇಕು ಎಂದು ನಾನು ತಿಳಿದಿಲ್ಲ. 2ನೇ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಕೈಬಿಟ್ಟ, ಸಭೆ ಅವನ ಹಾದಿ ಹಿಡಿಯಲಿಲ್ಲ. ಕತ್ತರಿಸದೆ, ನುಂಗದೆ, ಯಬ್ಬೋಕ್ ಹೊಳೆಯ ಬಳಿ ಆದಿಕಾಂಡದ ಯಾಕೋಬ ಬೆಳಗಾಗುವ ತನಕ ದೇವರೊಡನೆ ಹೋರಾಡಿದ ಹಾಗೆ ಹಿಡಿದುಕೊಳ್ಳಬೇಕಾಗುತ್ತದೆ. ಆಶೀರ್ವಾದ ಸಿಕ್ಕಿತು, ತೊಡೆಯ ಕೀಲು ತಪ್ಪಿತು, ಎರಡೂ ಆಯಿತು ಅವನಿಗೆ. 137ನೇ ಕೀರ್ತನೆಯನ್ನು ನಾನು ಈಗ ಹೀಗೆ ಓದುತ್ತೇನೆ: ಊರು ಸುಟ್ಟುಹೋದವರು, ಮಕ್ಕಳನ್ನು ಕಳೆದುಕೊಂಡವರು ತಮ್ಮ ಸೇಡನ್ನು ಕತ್ತಿಗೆ ಕೊಡದೆ ದೇವರ ಮುಂದೆ ಬಾಯಿಬಿಟ್ಟು ಹೇಳಿದ್ದು. ಅಮಾಲೇಕ್ಯರ ಅಧ್ಯಾಯದ ಅಂಚಿನಲ್ಲಿ ನನ್ನ ಪ್ರಶ್ನೆಚಿಹ್ನೆ ಹಾಗೆಯೇ ಇದೆ.

ಒಣ ದಿನಗಳು ಬಂದೇ ಬರುತ್ತವೆ. ಮಾರ್ಟಿನ್ ಲೂಥರ್ 1539ರಲ್ಲಿ, ದೇವಶಾಸ್ತ್ರ ಕಲಿಯಲು ಮೂರು ಬೇಕು ಎಂದು ಬರೆದ: ಪ್ರಾರ್ಥನೆ, ಧ್ಯಾನ, ಶೋಧನೆ (ಅಂದರೆ ಸಂಕಟದಲ್ಲಿ ಆಗುವ ಪರೀಕ್ಷೆ). ಮೂರನೆಯದನ್ನು ಗಮನಿಸಿ. ಗ್ವೀಗೋನ ಏಣಿ ಮೇಲೆ ಹೋಗುತ್ತದೆ, ಲೂಥರನ ದಾರಿ ಸಂಕಟದ ನಡುವೆ ಹಾದುಹೋಗುತ್ತದೆ. ವಾಕ್ಯ ರುಚಿಸದ ತಿಂಗಳುಗಳಲ್ಲಿ ನನಗೆ ಈ ಮೂರನೆಯ ಮಾತೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಅಂಥ ದಿನ ಒಂದು ಕೀರ್ತನೆಯನ್ನು ದನಿ ತೆಗೆದು ಓದಿ ಎದ್ದುಬಿಡಿ, ಸಾಕು.

ನಾಲ್ಕು ಜನ ಸೇರಿದರೆ

ಒಬ್ಬರೇ ಓದುವವರು ತಮ್ಮ ಕುರುಡನ್ನು ತಾವು ಕಾಣಲಾರರು. ವಾರಕ್ಕೊಮ್ಮೆ ನಾಲ್ಕರಿಂದ ಆರು ಜನ ಒಂದು ಮನೆಯಲ್ಲಿ ಕೂತುಕೊಳ್ಳಿ. ಪ್ರಸಂಗವನ್ನು ಒಬ್ಬರು ಓದಲಿ, ಎರಡು ನಿಮಿಷ ಮೌನ; ಬೇರೆ ದನಿಯಲ್ಲಿ ಇನ್ನೊಬ್ಬರು ಓದಲಿ, ಪ್ರತಿಯೊಬ್ಬರೂ ತಮಗೆ ಸಿಕ್ಕಿದ ಪದವನ್ನು ಮಾತ್ರ ಹೇಳಲಿ, ವಿವರಣೆ ಇಲ್ಲದೆ. ಮೂರನೆಯ ಓದಿನ ನಂತರ ಮಾತು. ಒಂದೇ ಕಟ್ಟುಪಾಡು: ಯಾರೂ ಉಪದೇಶ ಮಾಡಕೂಡದು, ಇನ್ನೊಬ್ಬರ ಮಾತನ್ನು ತಿದ್ದಕೂಡದು. ಹೆಚ್ಚು ಓದಿದವರಿಗೆ ಇದು ಉಪವಾಸಕ್ಕಿಂತ ಕಠಿಣ. ಓದು ಬಾರದವರು ಕೂಟದಲ್ಲಿದ್ದರೆ ಅವರ ಮಾತಿಗೆ ಕಾಯಿರಿ. ಅವರು ಅಧ್ಯಾಯ, ವಚನಸಂಖ್ಯೆಗಳಲ್ಲಿ ಯೋಚಿಸುವುದಿಲ್ಲ, ಕತೆಯಲ್ಲಿ ಯೋಚಿಸುತ್ತಾರೆ.

ನಮ್ಮ ಕೂಟದಲ್ಲಿ ಬಾರ್ತಿಮಾಯನ ಪ್ರಸಂಗ ಓದಿದ ರಾತ್ರಿ ನಾನು ಹೊದಿಕೆ, ವಿಮೋಚನಕಾಂಡ, ಆಸ್ತಿವಂತ ಎಲ್ಲವನ್ನೂ ಸಿದ್ಧ ಮಾಡಿಕೊಂಡು ಹೋಗಿದ್ದೆ, ಹೇಳಬಾರದೆಂಬ ಕಟ್ಟುಪಾಡು ನಾನೇ ಹಾಕಿದ್ದು ಮರೆತು. ಹೂ ಕಟ್ಟಿ ಮಾರುವ ಒಬ್ಬ ತಾಯಿ ಮೂಲೆಯಲ್ಲಿ ಕೂತಿದ್ದರು. ಅಷ್ಟು ಹೊತ್ತು ಮಾತಾಡಿರಲಿಲ್ಲ. ಕೊನೆಗೆ ಕೇಳಿದರು:

“ಆ ಕಂಬಳಿ ಎಸೆದು ಹೋದನಲ್ಲಪ್ಪಾ, ಆಗಿನ್ನೂ ಅವನಿಗೆ ಕಣ್ಣು ಬಂದಿರಲಿಲ್ಲ. ಕಣ್ಣು ಬರದೇ ಹೋಗಿದ್ದರೆ ಅದನ್ನ ಹೆಂಗೆ ಹುಡುಕಿಕೊಳ್ತಿದ್ದ?”

ಯಾರೂ ಉತ್ತರ ಹೇಳಲಿಲ್ಲ. ನನ್ನ ನೋಟ್‌ಬುಕ್ಕನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡೆ. ಮುಂದಿನ ಗುರುವಾರ 11ನೇ ಅಧ್ಯಾಯ ಎಂದು ಯಾರೋ ಹೇಳಿದರು, ಆ ತಾಯಿ ಈ ಏಳು ವಚನಗಳನ್ನೇ ಇನ್ನೊಂದು ಸಲ ಓದಿ ಎಂದರು. ಓದಿದೆವು.